ರಸ್ಕಿನ ಗಾಡಿಯಲ್ಲಿ ಹಾಡಿನ ಪುಸ್ತಕ

ಮೊನ್ನೆ ಗೋದಾಮಿನಲ್ಲಿ ರಸ್ಕಿನ ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡುತ್ತಿದ್ದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಮಾಡುವ ಕೆಲಸ ಇದು. ಮಳೆ ಹಿಡಿಯಿತೆಂದರೆ ಕುಮಟೆಯ ಗೋಡೆಗಳು ಬೆವರುತ್ತವೆ, ಆ ಬೆವರನ್ನು ಹೀರಿ ರಸ್ಕು ಮೆತ್ತಗಾಗುತ್ತದೆ, ಮೆತ್ತಗಾದ ರಸ್ಕನ್ನು ಅಂಗಡಿಯವರು ನನ್ನ ಮುಖದೆದುರೇ ಮುರಿಯಲು ನೋಡಿ, ಅದು ಮುರಿಯದೆ ಬಾಗುವುದನ್ನು ತೋರಿಸುತ್ತಾರೆ. ಮೂಲೆಯ ಪೆಟ್ಟಿಗೆ ಎಳೆದಾಗ ಅದರ ಹಿಂದಿನಿಂದ ಏನೋ ಜಾರಿ ಬಿತ್ತು. ಇಲಿಯೆಂದು ಎರಡು ಹೆಜ್ಜೆ ಹಿಂದೆ ಹಾರಿದೆ. ಇಲಿಯಲ್ಲ, ಪುಸ್ತಕ. ಮುಖಪುಟದ ತುಂಬ ಬೂಷ್ಟು ಹಿಡಿದಿತ್ತು. ಒರೆಸಿ, ತೆರೆದು, ಯಾಕೋ ಮೂಗಿನ ಹತ್ತಿರ ಹಿಡಿದೆ. ಏಲಕ್ಕಿ ರಸ್ಕು, ಬೈಂಡಿಂಗಿನ ಅಂಟು, ಹಸಿ ಕಾಗದ ಮೂರೂ ಸೇರಿದ ಒಂದು ವಾಸನೆ. ಮೂರು ವರ್ಷದ ಹಿಂದಿನ ಮಳೆಗಾಲ ಇಡೀ ನನ್ನ ಗಾಡಿಯಲ್ಲಿ, ನನ್ನ ಅಂಗಿಯಲ್ಲಿ, ನನ್ನ ಹೆಂಡತಿ ಸುಮಂಗಲಾಳ ಬೈಗುಳದಲ್ಲಿ ಇದೇ ವಾಸನೆ ಇತ್ತು.

ನಾನು ಬಿಸ್ಕೀಟು, ರಸ್ಕು, ಊದುಬತ್ತಿಯ ಲೈನ್ ಸೇಲಿನವನು. ಮಂಗಳವಾರ ಮತ್ತು ಶುಕ್ರವಾರ ಕುಮಟೆಯಿಂದ ಹೊರಟು ಹೊನ್ನಾವರ, ಮಂಕಿ ದಾಟಿ ಭಟ್ಕಳದ ತನಕ ಅಂಗಡಿಯಿಂದ ಅಂಗಡಿಗೆ ಮಾಲು ಇಳಿಸಿ ಬರುವುದು ಕೆಲಸ. ಚಿಂತೆ ಮಾಡುವುದು ಹವ್ಯಾಸ. ಟಯರಿನ ಗಾಳಿಯ ಬಗ್ಗೆ, ಹೊನ್ನಾವರದ ಸೇತುವೆಯ ಬಗ್ಗೆ, ಚಿಂತೆ ಮಾಡಲು ಏನೂ ಇಲ್ಲದ ದಿನ ಯಾಕೆ ಏನೂ ಇಲ್ಲ ಎಂಬುದರ ಬಗ್ಗೆ. ಇಂಥವನು ಪುಸ್ತಕ ಪ್ರಕಾಶಕನಾದದ್ದು ಹೊನ್ನಕ್ಕನಿಂದ.

ಹೊನ್ನಕ್ಕ ಹೊಳನಗದ್ದೆಯವಳು. ಬೇಸಿಗೆಯಲ್ಲಿ ಹೆದ್ದಾರಿಯ ಬದಿ ಬಿದಿರಿನ ಗಳು ಕಟ್ಟಿ ಈರುಳ್ಳಿ ಗೊಂಚಲು ತೂಗಿಸಿ ಮಾರುತ್ತಿದ್ದಳು, ನನ್ನ ಗೋದಾಮಿನ ಎದುರಿಗೇ. ಗಿರಾಕಿ ಇಲ್ಲದಾಗ ಗುನುಗುತ್ತಿದ್ದಳು. ಒಮ್ಮೆ ಮಾಲು ಬರುವುದು ತಡವಾಗಿ, ಅವಳ ಗೊಂಚಲುಗಳ ನೆರಳಲ್ಲಿ ಕೂತು ಒಂದು ಹಾಡನ್ನು ಪೂರ್ತಿ ಕೇಳಿದೆ. ಅಂದರೆ, ಪೂರ್ತಿ ಕೇಳಿದೆ ಎಂದುಕೊಂಡೆ. ಇಂಥವು ಎಷ್ಟಿವೆ ಎಂದು ಕೇಳಿದ್ದಕ್ಕೆ, “ಯಾರಿಗೊತ್ತು ತಮ್ಮಾ, ಕೂತ್ರೆ ಬರ್ತದೆ, ಎದ್ರೆ ಹೋಗ್ತದೆ” ಅಂದಳು. ಹಾಗಾದರೆ ಕೂರೋಣ ಎಂದೆ.

ಕೂತದ್ದು ಅವಳ ಮನೆಯ ಜಗಲಿಯಲ್ಲಿ, ಹತ್ತು ಭಾನುವಾರ. ನಡುವೆ ನನ್ನ ಮೊಬೈಲು. ಇಪ್ಪತ್ತೆಂಟು ಹಾಡು ಹೇಳಿದಳು. ಒಂದು ಸಾಲು ಹೇಳುವುದು, ಸುಮ್ಮನಾಗುವುದು, ಮತ್ತೊಂದು ಸಾಲು ಹೇಳುವುದು, ಸುಮ್ಮನಾಗುವುದು. ಬಾಯಲ್ಲಿ ಸದಾ ಕವಳ ಇರುತ್ತಿದ್ದರಿಂದ, ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಲು ಸಮಯ ತೆಗೆದುಕೊಳ್ಳುತ್ತಾಳೆ ಎಂದು ತಿಳಿದೆ. ವಯಸ್ಸಾಗಿದೆ, ಉಸಿರೂ ಬೇಕಲ್ಲ. ಮನೆಯಲ್ಲಿ ಬರೆದುಕೊಳ್ಳುವಾಗ ಆ ಖಾಲಿ ಜಾಗಗಳನ್ನು ಬೆರಳಲ್ಲಿ ಮುಂದಕ್ಕೆ ಓಡಿಸಿಬಿಡುತ್ತಿದ್ದೆ. ಆಮೇಲಾಮೇಲೆ ಅವನ್ನು ಕತ್ತರಿಸಿಯೇ ತೆಗೆದೆ. ಮೊಬೈಲಿನಲ್ಲಿ ಜಾಗ ಉಳಿಯಿತೆಂದು ಖುಷಿಯೂ ಪಟ್ಟೆ.

ಹಾಡು ಕೊಡುವಾಗ ಹೊನ್ನಕ್ಕ ಹಾಕಿದ ಷರತ್ತು ಒಂದೇ.

“ಪುಸ್ತಕ ಭಟ್ಕಳದ ಬದಿಗೆ ಹೋಗ್ಬೇಕು, ತಮ್ಮಾ.”

“ಎಲ್ಲ ಕಡೆ ಹೋಗ್ತದೆ ಹೊನ್ನಕ್ಕ. ಕುಮಟೆ, ಹೊನ್ನಾವರ...”

“ಕುಮಟೆಲಿ ಒಂದೂ ಹೋಗ್ದಿದ್ರೂ ಅಡ್ಡಿಲ್ಲ. ಭಟ್ಕಳದ ಬದಿಗೆ ಹೋಗ್ಬೇಕು. ಹೋಗಿ, ಅಲ್ಲಿಂದ ಎಂತಾರೂ ಒಂದು ಸುದ್ದಿ ಬರ್ಬೇಕು. ನನ್ನ ಕಿವಿ ಮುಚ್ಚೂದ್ರೊಳಗೆ.”

ಬಲಗಿವಿ ಆಗಲೇ ಹೋಗಿತ್ತು. ಎಡಗಿವಿಯೂ ದಿನದಿನಕ್ಕೆ ಮಂದವಾಗುತ್ತಿತ್ತು. ಡಾಕ್ಟರು ಹೇಳಿದ ಯಂತ್ರವನ್ನು ಅವಳು ಮೂರು ದಿನ ಹಾಕಿಕೊಂಡು, ಕಾಗೆಯೆಲ್ಲ ಕಿವಿಯೊಳಗೇ ಕೂತು ಕೂಗಿದ ಹಾಗೆ ಆಗುತ್ತದೆಂದು ಬಿಚ್ಚಿಟ್ಟಿದ್ದಳು. ಭಟ್ಕಳದಿಂದ ಎಂಥ ಸುದ್ದಿ ಬರಬೇಕು, ಯಾರಿಂದ ಬರಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಭಟ್ಕಳದಂಥ ದೂರದ ಪೇಟೆಯಲ್ಲಿ ಹೆಸರಾಗಲಿ ಎಂಬ ಆಸೆ ಇರಬೇಕೆಂದು ನಾನೇ ಉತ್ತರ ಹೇಳಿಕೊಂಡೆ. ಬೇಡದ್ದಕ್ಕೆಲ್ಲ ರಾತ್ರಿ ಹಗಲು ಚಿಂತಿಸುವವನಿಗೆ ಬೇಕಾದ ಒಂದು ಪ್ರಶ್ನೆ ಹೊಳೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಅಚ್ಚಾದ ಐನೂರು ಪ್ರತಿ ಕುಮಟೆಗೆ ಬಂದಿಳಿದದ್ದು ಮಳೆ ಹಿಡಿದ ದಿನವೇ. ಪುಸ್ತಕ ತರಿಸಲು ಇದಕ್ಕಿಂತ ಕೆಟ್ಟ ಮುಹೂರ್ತ ಕರಾವಳಿಯಲ್ಲಿ ಇಲ್ಲ. ಒಣ ಜಾಗವೆಂದು ಇದ್ದದ್ದು ರಸ್ಕಿನ ಕಟ್ಟೆಯೊಂದೇ. ಕಟ್ಟುಗಳನ್ನು ರಸ್ಕಿನ ನಡುವೆ ತೂರಿಸಿದೆ. ಒಂದು ವಾರದಲ್ಲಿ ಪುಸ್ತಕಕ್ಕೆ ರಸ್ಕಿನ ವಾಸನೆ ಬಂತು. ಅದೃಷ್ಟಕ್ಕೆ ರಸ್ಕಿಗೆ ಪುಸ್ತಕದ ವಾಸನೆ ಬರಲಿಲ್ಲ.

ಆಮೇಲೆ ಹಂಚುವ ಪ್ರಶ್ನೆ. ಬೆಂಗಳೂರಿನ ಒಬ್ಬ ವಿತರಕರಿಗೆ ಫೋನು ಮಾಡಿದೆ. “ಯಾವ ಪ್ರಕಾರ ಸರ್? ಕಥೆಯಾ, ಕವಿತೆಯಾ, ಜಾನಪದ ಅಧ್ಯಯನವಾ?” ಎಂದರು. ಹಾಡು ಎಂದೆ. “ಹಾಡು ಅಂದರೆ ಯಾವ ಶೆಲ್ಫಿಗೆ ಹಾಕೋದು ಸರ್?” ಎಂದರು. ಗೊತ್ತಾಗಲಿಲ್ಲ. ಮಾದರಿಗೆ ಐದು ಪ್ರತಿ ಕಳಿಸಲು ಹೇಳಿದರು, ಕಳಿಸಿದೆ. ಆ ಐದು ಯಾವ ಶೆಲ್ಫಿಗೆ ಹೋದವೋ ಈವರೆಗೂ ಗೊತ್ತಾಗಿಲ್ಲ. ಆಗ ಸುಮಂಗಲಾ ಅಂದಳು, “ಇಪ್ಪತ್ತು ವರ್ಷ ಅಂಗಡಿ ಅಂಗಡಿಗೆ ರಸ್ಕು ಹಾಕ್ತ್ರಿ. ಪುಸ್ತಕ ಹಾಕೂಕೆ ಬೆಂಗಳೂರಿನವ್ರು ಎಂತಕ್ಕೆ? ಗಾಡಿ ಇಲ್ವಾ? ಕಾಲಿಲ್ವಾ?”

ಹೌದಲ್ಲ ಎನ್ನಿಸಿತು. ರಸ್ಕಿಗೆ ನಾನೇನು ಮಾಡುತ್ತೇನೆ? ಅಂಗಡಿಯ ಎದುರು ಕಣ್ಣಿಗೆ ಬೀಳುವ ಕಡೆ ಇಡುತ್ತೇನೆ, ಮುಂದಿನ ವಾರ ಬಂದು ನೋಡುತ್ತೇನೆ, ಖಾಲಿಯಾಗಿದ್ದರೆ ತುಂಬುತ್ತೇನೆ, ಕೆಟ್ಟದ್ದನ್ನು ವಾಪಸು ಒಯ್ಯುತ್ತೇನೆ. ಪುಸ್ತಕಕ್ಕೂ ಅದನ್ನೇ ಮಾಡುವುದು. ಪುಸ್ತಕ ಕೆಡುವುದಿಲ್ಲ ಎಂಬುದೊಂದು ಹೆಚ್ಚಿನ ಅನುಕೂಲ ಎಂದು ಕೂಡ ಲೆಕ್ಕ ಹಾಕಿದೆ.

ಮೊದಲು ಕುಮಟೆಯ ಶಾನಭಾಗ ಮಾಮನ ಅಂಗಡಿ. ಶಾಲೆಯ ಪಟ್ಟಿಪುಸ್ತಕ, ಪಂಚಾಂಗ, ಪೆನ್ನು ಮಾರುವ ಅಂಗಡಿ. ಮಾಮ ಪುಸ್ತಕವನ್ನು ರಸ್ಕಿನ ಪೊಟ್ಟಣದಂತೆ ತಿರುಗಿಸಿ ಹಿಂದೆ ನೋಡಿದರು.

“ಎಕ್ಸ್‌ಪೈರಿ ಯಾವಾಗ?”

“ಇದಕ್ಕೆ ಎಕ್ಸ್‌ಪೈರಿ ಇಲ್ಲ ಮಾಮಾ.”

“ಹಾಂಗಾರೆ ಇದು ಇಲ್ಲೇ ಉಳೀತದೆ, ನಾನೇ ಎಕ್ಸ್‌ಪೈರಿ ಆಗ್ತೆ.”

ಆದರೂ ಹತ್ತು ಇಟ್ಟುಕೊಂಡರು. ಹೊನ್ನಾವರದಲ್ಲಿ ಬಳೆ, ರಿಬ್ಬನ್ನು ಮಾರುವ ಶೋಭಾ ಬಾಯಿಯ ಅಂಗಡಿಯಲ್ಲಿ ಹತ್ತು. ಹೆಂಗಸರ ಹಾಡು ಹೆಂಗಸರು ಬರುವ ಅಂಗಡಿಯಲ್ಲೇ ಇರಬೇಕೆಂಬ ನನ್ನ ವ್ಯಾಪಾರಿ ಬುದ್ಧಿ. ಭಟ್ಕಳದಲ್ಲಿ ಇಸ್ಮಾಯಿಲ್ ಭಾಯಿಯ ಅಂಗಡಿಯಲ್ಲಿ ಇಪ್ಪತ್ತು. ಇಸ್ಮಾಯಿಲ್ ಭಾಯಿ ಮನೆಯಲ್ಲಿ ನವಾಯತಿ, ಗಿರಾಕಿಯೊಡನೆ ಉರ್ದು, ನನ್ನೊಡನೆ ಕನ್ನಡ ಮಾತಾಡುವವರು. “ರಸ್ಕ್ ಭಾಯಿ, ಈಗ ಶಾಯರಿ ಕೂಡ ತಂದ್ರಾ!” ಎಂದು ಲಕೋಟೆಗಳ ಪಕ್ಕ ಜಾಗ ಮಾಡಿಕೊಟ್ಟರು.

ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಕುಮಟೆಯಲ್ಲಿ ಏಳು, ಹೊನ್ನಾವರದಲ್ಲಿ ಹತ್ತೂ ಹೋಗಿದ್ದವು. ಗಾಡಿಯ ಹಿಂದೆ ಮಳೆ ಹೊಡೆಯುತ್ತಿದ್ದರೆ ಒಳಗೆ ನಾನು ಎರಡನೇ ಮುದ್ರಣದ ಚಿಂತೆಯಲ್ಲಿದ್ದೆ. ಮೂರನೇ ವಾರ ಶೋಭಾ ಬಾಯಿ ಮುಖ ಸಣ್ಣ ಮಾಡಿ ಆರು ಪ್ರತಿಗಳನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

“ವಾಪಸ್ ಬಂದ್ವು. ಅರ್ಧ ಇದೆಯಂತೆ.”

“ಅರ್ಧ ಅಂದ್ರೆ?”

“ನನಗೆಂತ ಗೊತ್ತು? ಒಬ್ಬಳಲ್ಲ, ಆರು ಜನ ಬಂದು ಅದೇ ಅಂದ್ರು. ಓದಿ ನೋಡಿದ್ವು, ಅರ್ಧ ಇತ್ತು, ಪೂರ್ತಿದು ಬಂದ್ಮೇಲೆ ಕೊಡಿ ಅಂತ.”

ಪುಟ ಬಿಟ್ಟುಹೋಗಿದೆ! ಸೇತುವೆಯ ಆಚೆ ಗಾಡಿ ನಿಲ್ಲಿಸಿ, ಗಾಜಿನ ಮೇಲೆ ನೀರು ಸುರಿಯುತ್ತಿರುವಾಗ, ಆರೂ ಪ್ರತಿಗಳ ಪುಟ ಎಣಿಸಿದೆ. ತೊಂಬತ್ತಾರು. ಮತ್ತೊಮ್ಮೆ ಎಣಿಸಿದೆ. ತೊಂಬತ್ತಾರು. ಪ್ರೆಸ್ಸಿನವರಿಗೆ ಫೋನು ಮಾಡಿದೆ. “ಹದಿನಾರು ಪುಟದ ಫಾರ್ಮು, ಅಂಥವು ಆರು. ಎಷ್ಟಾತ್ರಿ? ಮತ್ತೆ ಅರ್ಧ ಎಲ್ಲಿಂದ ಬಂತ್ರಿ?” ಎಂದು ಅವರೇ ನನ್ನನ್ನು ಕೇಳಿದರು. ಮರುವಾರ ಶಾನಭಾಗ ಮಾಮನಲ್ಲೂ ಮೂರು ವಾಪಸು. ಅಲ್ಲೂ ಅದೇ ಮಾತು. “ನಾ ಹೇಳಿದ್ದೆ, ಎಕ್ಸ್‌ಪೈರಿ ಹಾಕ್ಬೇಕಿತ್ತು,” ಎಂದರು ಮಾಮ.

ಆ ತಿಂಗಳು ನಾನು ಗೋದಾಮಿನಲ್ಲಿದ್ದ ನಾನೂರಕ್ಕೂ ಹೆಚ್ಚು ಪ್ರತಿಗಳ ಪುಟ ಎಣಿಸಿದೆ. ನಿಜವಾಗಿ. ಸುಮಂಗಲಾ ಬಾಗಿಲಲ್ಲಿ ನಿಂತು ನೋಡಿದಳು. “ಎಣಿಸಿ ಎಣಿಸಿ. ಎಣಿಸಿದ್ರೆ ಮರಿ ಹಾಕ್ತವೆ ಕಾಣ್ತದೆ.”

ಗೊಂದಲ ಇಷ್ಟಕ್ಕೇ ನಿಂತಿದ್ದರೆ ತಡೆದುಕೊಳ್ಳಬಹುದಿತ್ತು. ಅದೇ ಹೊತ್ತಿಗೆ ದೂರದ ಊರುಗಳಿಂದ ಹೊಗಳಿಕೆ ಬರತೊಡಗಿತು. ಫೇಸ್‌ಬುಕ್ಕಿನಲ್ಲಿ ನೋಡಿ ಅಂಚೆಯಲ್ಲಿ ತರಿಸಿಕೊಂಡ ಮೈಸೂರಿನ ಓದುಗರೊಬ್ಬರು, ಒಂದು ಸಾಲಿನಿಂದ ಮುಂದಿನ ಸಾಲಿಗೆ ಇರುವ ಜಿಗಿತ ನೋಡಿ ಮೈ ಜುಮ್ಮೆಂದಿತು ಎಂದು ಬರೆದರು. ಮುನ್ನುಡಿ ಬರೆದುಕೊಟ್ಟ ನಮ್ಮೂರ ಕಾಲೇಜಿನ ಉಪನ್ಯಾಸಕರಂತೂ ಮೊದಲೇ ಆ ಜಿಗಿತಕ್ಕೆ ಎರಡು ಪುಟ ಮೀಸಲಿಟ್ಟಿದ್ದರು. ಮೊದಲ ಹಾಡಿನ ಎರಡನೇ ಸಾಲು ಹೀಗಿದೆ: ‘ಬಿದಿರ ಬುಟ್ಟಿಯ ತುಂಬ ನೀರ ತಂದಳೆ ತಂಗಿ.’ ಬಿದಿರಿನ ಬುಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ. ಆದ್ದರಿಂದ ಇದು ಬದುಕಿನ ಶೂನ್ಯವನ್ನು ಹೇಳುತ್ತದೆ, ಹೇಳದೆ ಬಿಟ್ಟದ್ದರಲ್ಲೇ ಈ ಹಾಡುಗಳ ಸೌಂದರ್ಯವಿದೆ ಎಂದು ಅವರು ಬರೆದಿದ್ದರು. ಓದಿ ನಾನು ತಲೆದೂಗಿದ್ದೆ. ಮೈಸೂರಿನವರಿಗೆ ಪೂರ್ಣವಾಗಿ ಕಂಡದ್ದು ಹೊನ್ನಾವರದವರಿಗೆ ಅರ್ಧ. ಯಾರು ಸರಿ? ರಸ್ಕಿನಲ್ಲಿ ಈ ತಕರಾರು ಇಲ್ಲ. ಅರ್ಧ ರಸ್ಕನ್ನು ಎಲ್ಲರೂ ಅರ್ಧ ರಸ್ಕು ಎಂದೇ ಹೇಳುತ್ತಾರೆ.

ಹೊನ್ನಕ್ಕನನ್ನೇ ಕೇಳೋಣವೆಂದು ಹೊಳನಗದ್ದೆಗೆ ಹೋದೆ. ನೆಟ್ಟಿ ಮುಗಿದು ಗದ್ದೆಯೆಲ್ಲ ಎಳೆ ಹಸಿರು. ಅವಳು ಜಗಲಿಯಲ್ಲಿ ಬಳ್ಳಿ ತರಕಾರಿಯ ಬೀಜ ಬಿಡಿಸುತ್ತಿದ್ದಳು. ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾಯಿತು.

“ಹೊನ್ನಕ್ಕಾ, ಪುಸ್ತಕ ಅರ್ಧ ಇದೆಯಂತೆ!”

ಅವಳ ಕೈ ನಿಂತಿತು. “ಯಾರು ಅಂದದ್ದು? ಭಟ್ಕಳದವ್ರಾ?”

“ಅಲ್ಲ, ಹೊನ್ನಾವರದವ್ರು. ಕುಮಟೆಯವ್ರು.”

“ಹಾಂಗಾ.” ಮತ್ತೆ ಬೀಜ ಬಿಡಿಸತೊಡಗಿದಳು. “ಅವ್ರು ಅಂದ್ರೆ ಅನ್ಲಿ ಬಿಡು. ಭಟ್ಕಳದ್ದು ಎಂತ ಆತು?”

“ಅಲ್ಲಿ ಐದಾರು ಹೋಗಿದೆ ಅಷ್ಟೇ.”

“ಯಾರು ತಕಂಡ್ರು?”

“ಅದೆಲ್ಲ ಬರೆದಿಡುವುದಿಲ್ಲ ಹೊನ್ನಕ್ಕ.”

“ಬಿಸ್ಕೀಟು ಯಾರು ತಿಂದ್ರು ಅಂತ ನೀ ಕೇಳೂದಿಲ್ಲ, ಸರಿ. ಪುಸ್ತಕ ಯಾರ ಕೈಗೆ ಹೋತು ಅಂತಾರೂ ಕೇಳ್ಬೇಕಾ ಬೇಡ್ವಾ?”

ಹೊರಡುವಾಗ ಅವಳು ತಾನಾಗಿ ಹೇಳಿದಳು, “ನಿನ್ನೆ ಹಿತ್ತಲಲ್ಲಿ ಕೋಳಿ ಕೂಗಿದ್ದು ಕೇಳ್ಲಿಲ್ಲ. ಕೊಕ್ಕು ತೆರೆದದ್ದು ಕಂಡ್ತು, ಅಷ್ಟೇ.”

ಆ ಮಾತು ಗಾಡಿಯ ವೈಪರಿನ ಹಾಗೆ ತಲೆಯೊಳಗೆ ಆಚೀಚೆ ಓಡಾಡಿತು. ಭಟ್ಕಳಕ್ಕೆ ಹೋದಾಗಲೆಲ್ಲ ಇಸ್ಮಾಯಿಲ್ ಭಾಯಿಯನ್ನು ಕೇಳಲು ಶುರು ಮಾಡಿದೆ: ಯಾರು ತಕ್ಕೊಂಡರು, ಏನಂದರು. ಅವರು ಮೊದಲ ಸಲ ಆಶ್ಚರ್ಯದಿಂದ, ಎರಡನೇ ಸಲ ತಾಳ್ಮೆಯಿಂದ, ಮೂರನೇ ಸಲ “ರಸ್ಕ್ ಭಾಯಿ, ನೀವು ಪೊಲೀಸಾ?” ಎಂದು ಉತ್ತರಿಸಿದರು.

ಆಗಸ್ಟಿನ ಒಂದು ಶುಕ್ರವಾರ ಅವರ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಕೈಯೆತ್ತಿ ಕರೆದರು. “ಬನ್ನಿ ಬನ್ನಿ. ನಿಮ್ಮ ಕಿತಾಬ್ ಒಂದು ವಾಪಸ್ ಬಂತು. ಖರಾಬ್ ಮಾಡಿ ತಂದಿದ್ದಾರೆ. ನಾನು ಬೇಡ ಅಂದೆ. ಆ ಹೆಂಗಸು, ಇದನ್ನ ಮಾಡಿದವರಿಗೆ ತೋರಿಸಿ ಅಂತ ಇಟ್ಟು ಹೋದ್ಲು.”

ತೆರೆದೆ. ಮೊದಲ ಹಾಡಿನ ಸಾಲುಗಳ ನಡುವೆ ಯಾರೋ ನೀಲಿ ಪೆನ್ನಿನಲ್ಲಿ ಬರೆದಿದ್ದರು. ಸಿಟ್ಟು ಬಂತು. ಇಷ್ಟು ಚೆಂದದ ಕಾಗದದ ಮೇಲೆ! ಇಸ್ಮಾಯಿಲ್ ಭಾಯಿ ಕನ್ನಡಕ ಏರಿಸಿ, “ಏನು ಬರೆದಿದ್ದಾರೆ, ಓದಿ” ಎಂದರು. ಓದಿದೆ. ಅಚ್ಚಿನ ಒಂದು ಸಾಲು, ಪೆನ್ನಿನ ಒಂದು ಸಾಲು.

ಹೊಳೆಯ ಏರಿಯ ಮೇಲೆ ಹೂವ ಕೊಯ್ವಳೆ ತಂಗಿ
ಕೊಯ್ದ ಹೂವನು ಎಲ್ಲ ಹೊಳೆಗೆ ಬಿಟ್ಟಳೆ ಅಕ್ಕ
ಬಿದಿರ ಬುಟ್ಟಿಯ ತುಂಬ ನೀರ ತಂದಳೆ ತಂಗಿ
ಬುಟ್ಟಿ ಸೋರಿದ ಹಾದಿ ಹಸಿರಾಗಿ ಹೋಯಿತೆ ಅಕ್ಕ
ಹಸಿರ ಹಾದಿಯ ಹಿಡಿದು ಹಸುವು ಬಂದಿತೆ ತಂಗಿ

ನಾನು ಓದುವುದನ್ನು ನಿಲ್ಲಿಸಿದೆ. ಇಸ್ಮಾಯಿಲ್ ಭಾಯಿ ಮೇಜು ತಟ್ಟಿದರು. “ಅರೇ! ಇದು ಸವಾಲ್-ಜವಾಬ್! ನೀವು ಬರೀ ಸವಾಲ್ ಛಾಪಿಸಿದ್ದೀರಿ!”

ಬುಟ್ಟಿಯಿಂದ ನೀರು ಸೋರಲೇಬೇಕಿತ್ತು. ಸೋರದಿದ್ದರೆ ಹಾದಿ ಹಸಿರಾಗುವುದು ಹೇಗೆ, ಹಸು ಬರುವುದು ಹೇಗೆ? ಉಪನ್ಯಾಸಕರ ಶೂನ್ಯವೆಲ್ಲ ಆ ಹಾದಿಗುಂಟ ಹರಿದುಹೋಯಿತು. ಜೊತೆಗೆ ಹೊನ್ನಕ್ಕನ ಕವಳವೂ ನೆನಪಾಯಿತು. ನಾನು ಬೆರಳಲ್ಲಿ ಓಡಿಸಿ, ಕತ್ತರಿಸಿ ಎಸೆದ ಆ ಖಾಲಿ ಜಾಗಗಳು! ಎಲೆಯಡಿಕೆ ಜಗಿಯಲು ಅಷ್ಟು ಕರಾರುವಾಕ್ಕಾಗಿ ಒಂದೊಂದು ಸಾಲಿನಷ್ಟೇ ಹೊತ್ತು ಯಾರಿಗಾದರೂ ಬೇಕಾಗುತ್ತದೆಯೇ? ಹಾಡಿನ ಕೆಳಗೆ ಅದೇ ಪೆನ್ನಿನಲ್ಲಿ ಒಂದು ಮಾತು ಇತ್ತು: ‘ಉಳಿದದ್ದು ಬೇಕಾದರೆ ಬಂದು ಕೇಳುವುದು.’ ಜೊತೆಗೆ, ಭಟ್ಕಳಕ್ಕಿಂತ ಸ್ವಲ್ಪ ಈಚೆಗಿನ ಶಿರಾಲಿಯ ಒಳಗಿನ ಒಂದು ಕೇರಿಯ ಗುರುತು.

ಗಾಡಿಯಲ್ಲಿ ಇನ್ನೂ ಅರ್ಧ ಮಾಲು ಉಳಿದಿತ್ತು. ಆ ದಿನ ಶಿರಾಲಿ ರಸ್ತೆಯ ಅಂಗಡಿಗಳಿಗೆ ರಸ್ಕು ಸಿಗಲಿಲ್ಲ.

ಮನೆ ಸಿಕ್ಕಿತು. ಪುಸ್ತಕ ತಂದಿಟ್ಟವಳು ಆ ಮನೆಯ ಸೊಸೆ. ಬರೆಸಿದವಳು ಅತ್ತೆ, ನಾಗಕ್ಕ. ಹೊನ್ನಕ್ಕನದೇ ವಯಸ್ಸು, ಎರಡು ಪಾಲು ಗಟ್ಟಿ ದನಿ. ನಾನು ಒದ್ದೆ ಕೊಡೆ ಮಡಿಸುವ ಮೊದಲೇ ಶುರುಮಾಡಿದಳು.

“ಪುಸ್ತಕ ಮಾಡಿದ್ದು ನೀನಾ? ಒಂದು ಕೈಲಿ ಚಪ್ಪಾಳೆ ಹೊಡೂದು ಎಲ್ಲಿ ಕಲ್ತೆ?”

“ಗೊತ್ತಾಗಲಿಲ್ಲ, ನಾಗಕ್ಕ.”

“ಹಾಡಿಗೆ ಎರಡು ಬದಿ ಇರ್ತದೆ ಮಾರಾಯ. ಈ ಬದಿಯವ್ರು ಒಂದು ಸೊಲ್ಲು, ಆ ಬದಿಯವ್ರು ಒಂದು ಸೊಲ್ಲು. ಆಚೆ ಬದಿದು ಕೇಳಿಯೇ ಈಚೆ ಬದಿದು ಹುಟ್ಟೂದು. ಅಷ್ಟೂ ಗೊತ್ತಿಲ್ದೆ ಬರಿಯೂಕೆ ಕೂತ್ಯಾ?”

“ಹೊನ್ನಕ್ಕನಿಗೆ ಆಚೆ ಬದಿಯೂ ಬರಲೇಬೇಕಲ್ಲ. ಹೇಳಬಹುದಿತ್ತಲ್ಲ,” ಎಂದೆ, ತಪ್ಪನ್ನು ಸ್ವಲ್ಪ ಆಚೆ ದಾಟಿಸುವ ಆಸೆಯಿಂದ.

ಸೊಸೆ ಅತ್ತೆಯ ಮುಖ ನೋಡಿ, ಚಾ ತರುವ ನೆಪದಲ್ಲಿ ಒಳಗೆ ಹೋದಳು.

“ಬರ್ತದೆ ಅವ್ಳಿಗೆ. ಎಲ್ಲಾ ಬರ್ತದೆ. ಅದೇ ಆದದ್ದು,” ಎಂದಳು ನಾಗಕ್ಕ.

ಇಬ್ಬರೂ ಹೊಳನಗದ್ದೆಯ ಒಂದೇ ಕೇರಿಗೆ ಮದುವೆಯಾಗಿ ಬಂದವರು. ಸುತ್ತಲ ಮದುವೆಮನೆಗಳಿಗೆಲ್ಲ ಜೋಡಿಯಾಗಿ ಹೋಗಿ ಹಾಡುತ್ತಿದ್ದರು, ಒಂದು ಬದಿಗೆ ಹೊನ್ನಿ, ಇನ್ನೊಂದು ಬದಿಗೆ ನಾಗಿ. ಮಿರ್ಜಾನದ ಒಂದು ಮದುವೆಮನೆಯಲ್ಲಿ ನಾಗಕ್ಕನಿಗೆ ಕೆಮ್ಮು ಹತ್ತಿತು. ತನ್ನ ಸೊಲ್ಲು ಬಂದಾಗ ದನಿ ಏಳಲಿಲ್ಲ. ಹೊನ್ನಕ್ಕ ಕಾಯಲಿಲ್ಲ. ನಾಗಕ್ಕನ ಸೊಲ್ಲನ್ನೂ ತಾನೇ ಹಾಡಿ, ಮುಂದಿನ ತನ್ನದನ್ನೂ ಹಾಡಿ, ಹಾಡು ಮುಗಿಸಿಬಿಟ್ಟಳು. ಚಪ್ಪರದಲ್ಲಿ ಯಾರೋ ನಗುತ್ತ, “ಇನ್ನು ನಾಗಿ ಎಂತಕ್ಕೆ, ಎರಡು ಬದಿಗೂ ಹೊನ್ನಿ ಒಬ್ಬಳೇ ಸಾಕು” ಅಂದರು. ಹೊನ್ನಕ್ಕನೂ ನಕ್ಕಳು.

“ಅವ್ರು ನಕ್ಕದ್ದಕ್ಕೆ ನಂಗೆ ಬೇಜಾರಿಲ್ಲ,” ಎಂದಳು ನಾಗಕ್ಕ. “ಇವ್ಳು ನಕ್ಕಳು. ಕೆಮ್ಮಿನಲ್ಲೇ ಎದ್ದು ಬಂದೆ. ಮತ್ತೆ ಅವಳ ಜೋಡಿ ಕೂರ್ಲಿಲ್ಲ. ಆಮೇಲೆ ಮಗನಿಗೆ ಇಲ್ಲಿ ಕೆಲ್ಸ ಆತು, ಈ ಬದಿಗೆ ಬಂದ್ವು. ಇಪ್ಪತ್ತು ವರ್ಷದ ಮೇಲಾತು.”

ಹೊರಗೆ ಮಳೆ ಒಂದಿಷ್ಟು ತಗ್ಗಿತು. ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುವಿದಳು. ಓದಲು ಬಾರದವಳು ತಿರುವುವ ರೀತಿ, ಪ್ರತಿ ಪುಟವನ್ನೂ ಅಂಗೈಯಲ್ಲಿ ಸವರಿ.

“ಸೊಸೆ ಪೇಟೆಯಿಂದ ತಂದು ಓದಿದ್ಲು. ಹೊನ್ನಿಯ ಹೆಸರು ಕೇಳಿ ನಂಗೆ ಉರಿದು ಹೋತು. ನನ್ನ ಸೊಲ್ಲನ್ನೂ ಸೇರ್ಸಿ ಪುಸ್ತಕ ಮಾಡ್ಸಿದ್ಲಲ್ಲ ಅಂತ. ಓದು, ಎಲ್ಲಾ ಓದು ಅಂದೆ. ಕಳ್ಳತನ ಹಿಡಿಯೂಕೆ. ಮೂರು ದಿನ ಓದ್ಸಿದೆ. ಇಪ್ಪತ್ತೆಂಟೂ.” ಪುಸ್ತಕ ಮುಚ್ಚಿದಳು. “ಒಂದು ಸೊಲ್ಲು ಮುಟ್ಟಲಿಲ್ಲ ಮಾರಾಯ. ನನ್ನದು ಒಂದೂ ಮುಟ್ಟಲಿಲ್ಲ. ಎಲ್ಲಾ ಹಾಂಗೇ ಖಾಲಿ ಬಿಟ್ಟಿದ್ಲು.”

ಖಾಲಿ ಬಿಟ್ಟದ್ದನ್ನು ಒತ್ತಿ ಮುಚ್ಚಿದ್ದು ನಾನು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹೊನ್ನಕ್ಕನ ಕಿವಿಯ ವಿಷಯ ಹೇಳಿದೆ. ಬಲದ್ದು ಹೋಗಿದೆ, ಎಡದ್ದು ಹೋಗುತ್ತಿದೆ, ಕೋಳಿ ಕೂಗಿದ್ದು ಕೇಳಲಿಲ್ಲವಂತೆ, ಭಟ್ಕಳದಿಂದ ಸುದ್ದಿ ಬರಲಿ ಎಂದು ಕಾಯುತ್ತಿದ್ದಾಳೆ. “ಬನ್ನಿ ನಾಗಕ್ಕ, ಗಾಡಿ ಇದೆ. ಈಗಲೇ ಕರಕೊಂಡು ಹೋಗ್ತೇನೆ.”

“ನಾ ಎಂತಕ್ಕೆ ಬರ್ಲಿ? ಅವ್ಳು ಬಂದ್ಲಾ? ಅವಳ ಬದಿ ಬಂತು. ನನ್ನ ಬದಿ ಹೋಗ್ಲಿ. ಎಲ್ಲಿ, ಆ ನಿನ್ನ ಮೊಬೈಲು ತೆಗಿ.”

ತೆಗೆದೆ. ಗುಂಡಿ ಒತ್ತಿ ಅವಳೆದುರು ಮಣೆಯ ಮೇಲಿಟ್ಟೆ. ಅವಳು ಹಾಡಲೇ ಇಲ್ಲ. ಮೊಬೈಲು ಓಡುತ್ತಿದೆ ಎಂದು ಕೈಸನ್ನೆ ಮಾಡಿದೆ. ಅವಳು ಕಣ್ಣಲ್ಲೇ ಗದರಿದಳು. ಆಗ ಗಮನಿಸಿದೆ, ತುಟಿ ಅಲ್ಲಾಡುತ್ತಿತ್ತು. ಒಂದಿಷ್ಟೂ ದನಿ ಹೊರಡದ ಹಾಗೆ, ಗುನುಗೂ ಬಾರದ ಹಾಗೆ ಎಚ್ಚರದಿಂದ, ಹೊನ್ನಕ್ಕನ ಸೊಲ್ಲನ್ನು ಬಾಯೊಳಗೇ ಮುಗಿಸಿ, ಆಮೇಲೆ ತನ್ನದನ್ನು ಎತ್ತಿದಳು. ‘ಕೊಯ್ದ ಹೂವನು ಎಲ್ಲ...’ ಮತ್ತೆ ತುಟಿ. ಮತ್ತೆ ದನಿ. ಆ ದಿನ ಐದು ಹಾಡು ಆಯಿತು. ನಡುವೆ ಒಮ್ಮೆ ರೈಲು ಹೋಯಿತು. ನಿಲ್ಲಿಸಲೇ ಎಂದು ಕೇಳಿದರೆ ತಲೆ ಅಲ್ಲಾಡಿಸಿದಳು. ರೈಲು ಹೋದದ್ದು ಹೊನ್ನಕ್ಕನ ಸೊಲ್ಲಿನ ಜಾಗದಲ್ಲಿ.

ಹಿಂದೆ ಬರುವಾಗ ಮಂಕಿಯಿಂದ ಹೊನ್ನಾವರದ ತನಕ ಒಂದೇ ವಿಷಯ ಯೋಚಿಸಿದೆ. ಐನೂರು ಪ್ರತಿ ಅಚ್ಚು ಹಾಕಿಸಿ, ಮೂರು ತಾಲೂಕಿನ ಅಂಗಡಿಗಳಲ್ಲಿ ಇಟ್ಟು, ನಾನು ಮಾಡಿದ್ದು ಪುಸ್ತಕ ಮಾರಾಟವೋ, ಇಲ್ಲ ಒಬ್ಬಳೇ ಒಬ್ಬಳಿಗೆ ಹೋಗಬೇಕಿದ್ದ ಕಾಗದವನ್ನು ವಿಳಾಸ ತಿಳಿಯದೆ ಐನೂರು ಕಡೆ ಹಾಕಿದ್ದೋ? ಹಾಗಾದರೆ ಉಳಿದವರು ಓದಿದ್ದೇನು? ಮೈಸೂರಿನವರ ಮೈ ಜುಮ್ಮೆಂದದ್ದು ಸುಳ್ಳೇ? ಪೂರ್ತಿ ಪುಸ್ತಕ ಮಾಡೋಣವೆಂದರೆ, ಹೊರಡುವಾಗ ನಾಗಕ್ಕ ಹೇಳಿಯೇ ಕಳಿಸಿದ್ದಳು: “ಅವಳ ಪುಸ್ತಕದೊಳಗೆ ನನ್ನದು ಹಾಕೂದು ಬೇಡ. ನನ್ನ ಬದಿಗೆ ಬೇರೆ ಪುಸ್ತಕ ಮಾಡು. ಅದು ಕುಮಟೆಲಿ ಇರ್ಲಿ, ಅವಳ್ದು ಇಲ್ಲಿ ಇರ್ಲಿ.” ಅಂದರೆ ಒಂದು ಹಾಡು ಓದಲು ಗಿರಾಕಿ ಎರಡು ಊರಿಗೆ ಬಸ್ಸು ಹತ್ತಬೇಕು. ಇದನ್ನು ಶಾನಭಾಗ ಮಾಮನಿಗೆ ಹೇಗೆ ವಿವರಿಸುವುದು? ಮೂರು ವರ್ಷವಾಯಿತು, ಇನ್ನೂ ವಿವರಿಸಿಲ್ಲ. ಮಾಮ ಇನ್ನೂ ಕೇಳುತ್ತಾರೆ, ಪೂರ್ತಿದು ಬಂತೇ ಎಂದು. ಮೊದಲೆಲ್ಲ ಇದು ಪೂರ್ತಿಯೇ, ತೊಂಬತ್ತಾರು ಪುಟ ಎಂದು ವಾದ ಮಾಡುತ್ತಿದ್ದೆ. ಈಗ ಇಲ್ಲ ಮಾಮಾ, ಇದು ಅರ್ಧವೇ ಎನ್ನುತ್ತೇನೆ. ವಿಚಿತ್ರವೆಂದರೆ, ಅರ್ಧ ಎಂದು ಹೇಳಿ ಕೊಟ್ಟರೆ ಯಾರೂ ವಾಪಸು ತರುವುದಿಲ್ಲ.

ಆ ಶುಕ್ರವಾರ ಸಂಜೆ ಮನೆಗೂ ಹೋಗದೆ ನೇರ ಹೊಳನಗದ್ದೆಗೆ ಗಾಡಿ ಬಿಟ್ಟೆ. ಹೊನ್ನಕ್ಕ ಜಗಲಿಯಲ್ಲಿದ್ದಳು. “ಭಟ್ಕಳದಿಂದ ಸುದ್ದಿ!” ಎಂದು ಎಡಗಿವಿಗೆ ಕೂಗಿದೆ. ಅವಳು ಎದ್ದು ಹೋಗಿ ಬಾಯಲ್ಲಿದ್ದ ಕವಳ ಉಗಿದು, ಬಾಯಿ ತೊಳೆದು ಬಂದು ಕೂತಳು. ಹತ್ತು ಭಾನುವಾರದಲ್ಲಿ ಅವಳ ಖಾಲಿ ಬಾಯಿಯನ್ನು ನಾನು ನೋಡಿಯೇ ಇರಲಿಲ್ಲ.

ಮೊಬೈಲಿನ ದನಿಯನ್ನು ಪೂರಾ ಏರಿಸಿ ಕಿವಿಗೆ ಹಿಡಿದೆ. ಮೊದಲು ಬರೀ ಶಿರಾಲಿಯ ಮಳೆ. ಅವಳು ಹುಬ್ಬು ಗಂಟಿಕ್ಕಿದಳು. ಇಪ್ಪತ್ತು ವರ್ಷದ ಅಭ್ಯಾಸವೇನೋ ಎನ್ನುವಂತೆ ನನ್ನ ಬೆರಳು ಖಾಲಿ ಜಾಗವನ್ನು ಓಡಿಸಲು ಮುಂದಾಯಿತು. ಹೊನ್ನಕ್ಕ ಫಟ್ಟನೆ ನನ್ನ ಕೈಗೆ ಹೊಡೆದಳು. ಅಷ್ಟರಲ್ಲಿ ನಾಗಕ್ಕನ ದನಿ ಎದ್ದಿತು, ‘ಕೊಯ್ದ ಹೂವನು ಎಲ್ಲ ಹೊಳೆಗೆ ಬಿಟ್ಟಳೆ ಅಕ್ಕ’.

ಹೊನ್ನಕ್ಕನ ಮುಖದಲ್ಲಿ ಏನಾಯಿತೆಂದು ಬರೆಯಲು ನನಗೆ ಬರುವುದಿಲ್ಲ. “ಮೊದ್ಲಿಂದ ಹಾಕು,” ಎಂದಳು.

ಮೊದಲಿನಿಂದ ಹಾಕಿದೆ. ಶಿರಾಲಿಯ ಮಳೆ ಶುರುವಾದದ್ದೇ ಹೊನ್ನಕ್ಕ ತನ್ನ ಸೊಲ್ಲು ಎತ್ತಿದಳು. ಅವಳದು ಮುಗಿಯುವ ಹೊತ್ತಿಗೆ ಸರಿಯಾಗಿ ಮೊಬೈಲು ಉತ್ತರ ಕೊಟ್ಟಿತು. ಬುಟ್ಟಿ ತುಂಬ ನೀರು ಬಂತು, ಸೋರಿತು, ಹಾದಿ ಹಸಿರಾಯಿತು, ಹಸು ಬಂತು. ರೈಲಿನ ಜಾಗ ಬಂದಾಗ ಹೊನ್ನಕ್ಕ ರೈಲನ್ನೂ ಮೀರಿಸಿ ಹಾಡಿದಳು. ನಾನು ಉಸಿರು ಬಿಡಲೂ ಹೆದರಿ, ಕೈ ಮರಗಟ್ಟಿದರೂ ಮೊಬೈಲು ಅಲ್ಲಾಡಿಸದೆ ಕೂತಿದ್ದೆ.

ಹಾಡು ಮುಗಿಯಿತು. ಹೊನ್ನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅಂಗಳದ ನೀರು ನೋಡಿದಳು.

“ನಾಗಿದು ಕೆಮ್ಮು ಗುಣ ಆತು ಕಾಣ್ತದೆ,” ಎಂದಳು ಆಮೇಲೆ. “ಇನ್ನೊಂದು ಹಾಕು.”